ಬೋಲೆಯಲ್ಲಿ ಹನ್ನೊಂದು ಗಂಟೆ

ಅಡಿಸ್ ಅಬಾಬಾದಲ್ಲಿ ಇಳಿದಾಗ ಬೆಳಕು
ಗಾಜಿನ ಆಚೆಗೇ ನಿಂತಿತ್ತು,
ವೀಸಾ ಇಲ್ಲದವರ ಹಾಗೆ.
ಲುಸಾಕಾದ ವಿಮಾನ ಸಂಜೆ ಐದಕ್ಕೆ.
ನಡುವೆ ಹನ್ನೊಂದು ಗಂಟೆ,
ಯಾರ ಲೆಕ್ಕಕ್ಕೂ ಸೇರದ್ದು.

ಮೊದಲ ಗಂಟೆ ಅಂಗಡಿಗಳಿಗೆ ಹೋಯಿತು.
ಎಡ ಮಣಿಕಟ್ಟಿಗೆ ಮೂರು ಅತ್ತರು, ಬಲಕ್ಕೆ ಎರಡು,
ಏನೂ ಕೊಳ್ಳದೆ ಹೊರಬಂದೆ
ಮದುವೆಮನೆಯಂತೆ ಘಮಘಮಿಸುತ್ತ.
ಎರಡನೆಯದು ಕುರ್ಚಿಗೆ:
ಯಾರೂ ಮಲಗಬಾರದೆಂದು
ಯೋಚಿಸಿ, ಅಳೆದು, ಕೈಯಾಸರೆ ಇಟ್ಟ ಕುರ್ಚಿ.
ಲಾಗೋಸಿನ ವ್ಯಾಪಾರಿಯೊಬ್ಬ ಅದರಲ್ಲೇ
ಕೊಡೆಯಂತೆ ಮಡಚಿಕೊಂಡು
ಗೊರಕೆ ಹೊಡೆಯುತ್ತಿದ್ದ.

ಗೇಟುಗಳು ತಿರುಗುವ ಮೂಲೆಯಲ್ಲಿ
ಪ್ಲಾಸ್ಟಿಕ್ ಹುಲ್ಲು ಹಾಸಿ, ಗಿಡ್ಡ ಮಣೆಯ ಮೇಲೆ
ಕೂತಿದ್ದಳು ತ್ಸಿಗೆರೆದಾ, ಕಾಫಿಬೀಜ ಹುರಿಯುತ್ತ.
ಕೆಂಡಕ್ಕೆ ಅನುಮತಿಯಿಲ್ಲ, ಕರೆಂಟಿನ ಒಲೆ.
ಹೊಗೆಗೂ ಇಲ್ಲ. ಆದರೂ
ಸೂರಿನ ಕೆಂಪು ಕಣ್ಣನ್ನೊಮ್ಮೆ ನೋಡಿ
ಅರೆ ಚಿಟಿಕೆ ಧೂಪ ಉದುರಿಸಿದಳು.

ನನ್ನ ಫೋನು ಸತ್ತಿತ್ತು. ಗಂಟೆ ಎಷ್ಟೆಂದೆ.
ಎರಡು, ಅಂದಳು.
ಎದೆ ಧಸಕ್ಕೆಂದಿತು. ಎಂಟಕ್ಕಿಂತ ಹೆಚ್ಚಾಗಿರಲು
ಸಾಧ್ಯವೇ ಇಲ್ಲವಲ್ಲ!
ನಗುತ್ತ ಕಿಟಕಿಗೆ ಬೆರಳು ಮಾಡಿದಳು:
ಅವನು ಬಂದ ಮೇಲೆ ನಮಗೆ ಒಂದು, ಆಮೇಲೆ ಎರಡು.
ನೀವೆಲ್ಲ ನಡುರಾತ್ರಿ ಎದ್ದು
ಕತ್ತಲಲ್ಲಿ ಎಣಿಸಲು ಕೂರುತ್ತೀರಂತೆ,
ಯಾಕೆ?

ಯಾಕೆ? ನನ್ನ ನುಡಿಯಲ್ಲೂ
ಹೊತ್ತು ಹುಟ್ಟುತ್ತದೆ, ಏರುತ್ತದೆ, ಮುಳುಗುತ್ತದೆ.
ಹುಟ್ಟುವಾಗಲೇ ಆರು ತುಂಬಿದ ಮಗುವನ್ನು
ಎಲ್ಲಾದರೂ ಕಂಡವರುಂಟೇ?

ವರ್ಷವೂ ಬೇರೆ. ಎಂಟು ಹಿಂದೆ.
ಅಂದರೆ ನನ್ನ ಮಂಡಿ ಇನ್ನೂ ನೋಯುತ್ತಿಲ್ಲ.
ಅಂದರೆ ಪದ್ದಕ್ಕ ಇದ್ದಾಳೆ,
ತಲುಪಿದ ಕೂಡಲೆ ಫೋನು ಮಾಡಲಿಲ್ಲವೆಂದು
ಬೈಯಲು ಕಾದಿದ್ದಾಳೆ.
ಫೋನು ಸತ್ತದ್ದೇ ಒಳ್ಳೆಯದಾಯಿತು.

ತಿಂಗಳಿಗೆ ಮೂವತ್ತರಂತೆ ಹಂಚಿ
ಉಳಿದ ಐದು ದಿನಕ್ಕೆ
ಬೇರೆಯೇ ತಿಂಗಳಂತೆ, ಹದಿಮೂರನೆಯದು, ಪಗುಮೆ.
ನಮ್ಮಲ್ಲೂ ಇದೆ ಅಧಿಕಮಾಸ, ಅಂದೆ ಜಂಬದಿಂದ.
ಆಗ ಏನು ಮಾಡುತ್ತೀರಿ?
ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಮನೆ ಹೊಗುವುದಿಲ್ಲ.
ಅಯ್ಯೋ, ಅಂದಳು. ಪಗುಮೆಯ ಮಳೆಗೆ
ನಮ್ಮ ಮಕ್ಕಳು ಅಂಗಿ ಬಿಚ್ಚಿ ಓಡುತ್ತವೆ.

ಆಗಲೇ ಬಂದರು ಹದಿನಾರು ಹುಡುಗಿಯರು,
ಬೈರೂತಿಗೆ, ಮನೆಗೆಲಸಕ್ಕೆ.
ಎಲ್ಲರಿಗೂ ಹಳದಿ ಸ್ಕಾರ್ಫು, ಎದೆಗವಚಿದ ಕಡತ.
ಚಲಿಸುವ ನೆಲದ ಮುಂದೆ ಸಾಲು ನಿಂತುಬಿಟ್ಟಿತು,
ಹೊಳೆ ತುಂಬಿದ ಕಡವಿನಲ್ಲಿ ನಿಂತ ಹಾಗೆ.
ಒಬ್ಬಳು ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡಳು,
ಕಾಲಿಟ್ಟಳು, ತೂರಾಡಿ ನೆಟ್ಟಗಾದಳು,
ತುದಿ ಮುಟ್ಟಿ, ಓಡಿ ಹಿಂದೆ ಬಂದು
ಮತ್ತೆ ಹತ್ತಿದಳು.
ಯೆಶಿಮೆಬೆಟ್! ಯೆಶಿಮೆಬೆಟ್! ಏಜೆಂಟನ ಕೂಗು.
ನೆಲ ಉಜ್ಜುವ ಗಾಡಿಯ ವುಬ್ಶೆತ್ ಬ್ರೇಕು ಹಾಕಿ
ಸ್ಟಿಯರಿಂಗಿನ ಮೇಲೆ ತಾಳ ಬಡಿದ.
ಮೂರನೆಯ ಸಲ ಅವಳ ಹಿಂದೆ ನಾನೂ ನಿಂತೆ,
ಮಂಡಿ ಎಂಟು ವರ್ಷ ಹಿಂದಿನದು,
ಹೋಗಬೇಕಾದ ಜಾಗ ಯಾವುದೂ ಇಲ್ಲ.

ಅವರ ವಿಮಾನ ಒಂದಕ್ಕೋ ಏಳಕ್ಕೋ,
ನಾನು ನಿದ್ದೆ ಮಾಡಿ ಎದ್ದಾಗ
ಒಂದು ಹಳದಿಯೂ ಇರಲಿಲ್ಲ.

ಬೆಳಿಗ್ಗೆ ಕುಡಿದದ್ದು ಅಬೋಲ್.
ಊಟದ ಮೇಲಿನದು, ಅದೇ ಪುಡಿಗೆ ನೀರು ಹೊಯ್ದದ್ದು, ತೋನಾ.
ಮೂರನೆಯದು ಬೆರೆಕಾ, ತೆಳ್ಳಗೆ;
ಹರಸುವುದು ಅದರಲ್ಲೇ ಅಂತೆ.
ಜೆಬೆನಾ ಇನ್ನೂ ಕುದಿಯುವಾಗ ಲುಸಾಕಾ ಕರೆಯಿತು.
ತ್ಸಿಗೆರೆದಾ ಗೊಣಗಿದಳು,
ಕಾಗದದ ಲೋಟಕ್ಕೆ ಬಗ್ಗಿಸಿ
ಹರಕೆಗೆ ಮುಚ್ಚಳ ಒತ್ತಿ ಕೊಟ್ಟಳು.

ಗೇಟಿನಲ್ಲಿ ಮತ್ತೆ ತಪಾಸಣೆ. ಬೆಲ್ಟು, ಬೂಟು.
ಇದು ಒಳಗೆ ಬರುವಂತಿಲ್ಲ, ಅಂದ ಕಾವಲಿನವ.
ಮುಚ್ಚಳ ತೆಗೆದು ಮೂಸಿದ.
ಯಾರ ಕೈಯದೆಂದು ತಿಳಿಯಿತೇನೋ,
ಹಿಂದಿನವರನ್ನು ಪಕ್ಕದ ಸಾಲಿಗೆ ಅಟ್ಟಿದ.
ಕುಡಿ, ಅಂದ, ಹನ್ನೊಂದಕ್ಕೆ ಇನ್ನೂ ಹೊತ್ತಿದೆ.

ಬರಿಗಾಲಲ್ಲಿ ನಿಂತು, ಜಾರುವ ಪ್ಯಾಂಟು ಒಂದು ಕೈಲಿ ಹಿಡಿದು
ಎತ್ತಿ ಕುಡಿದೆ.
ಲುಸಾಕಾವರೆಗೂ ನಾಲಿಗೆ ಚುರುಗುಟ್ಟುತ್ತಿತ್ತು.