ಆರೂವರೆ

ಝುವಾರಿನಗರದ ನಮ್ಮ ಶಾಲೆಯಲ್ಲಿ ಬೂಟಿನ ಅಳತೆಹಲಗೆ ಇಲ್ಲ.
ಹಳೆಯ ಉತ್ತರಪತ್ರಿಕೆಗಳಿವೆ, ಹಿಂಬದಿ ಖಾಲಿ.
ಒಬ್ಬೊಬ್ಬಳನ್ನೇ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಓಡಿಸಿದೆ,
ಅದೂ ಸಂಜೆ ಹೊತ್ತಿಗೆ. ಸಂಜೆಯ ಕಾಲು ಬೆಳಗಿನದಕ್ಕಿಂತ ತುಸು ದಪ್ಪ.
ಇದು ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ,
ಅವ್ವ ಮೀನಿನ ಕಾರ್ಖಾನೆಯಿಂದ ಬಂದು
ಚಪ್ಪಲಿ ಕಳಚುವಾಗ ನೋಡಿ ಕಲಿತದ್ದು.

ಹನ್ನೊಂದು ಹುಡುಗಿಯರು, ಇಪ್ಪತ್ತೆರಡು ಪಾದ.
ಎರಡೂ ಒಂದೇ ಸಮ ಇರುವವಳು ಶಾಹಿದಾ ಒಬ್ಬಳೇ.
ಇಂದಿರವ್ವ ರಾಠೋಡಳ ಎಡಗಾಲು ಅರ್ಧ ಬೆರಳು ಉದ್ದ,
ಹದಿಮೂರು ವರ್ಷ ಅವಳಿಗೇ ಗೊತ್ತಿರಲಿಲ್ಲ.
"ಯಾರಿಗೂ ಹೇಳಬ್ಯಾಡ್ರಿ ಟೀಚರ್" ಅಂದಳು
ಕಾಗದದ ಮೇಲೆಯೇ ಬೆರಳು ಮುದುಡಿಕೊಂಡು.

ಲಂಗಕ್ಕೆ ಅಳತೆ ಇದೆ, ರವಿಕೆಗೆ ಇದೆ,
ಬಳೆಗಾರನೂ ಕೈ ನೋಡಿಯೇ ಗಂಟು ಬಿಚ್ಚುತ್ತಾನೆ.
ಆಮೇಲೆ ಗೆಣ್ಣು ಒತ್ತಿ ಒತ್ತಿ, ಕಣ್ಣಲ್ಲಿ ನೀರು ಬರಿಸಿ
ಸಣ್ಣದನ್ನೇ ತೊಡಿಸುತ್ತಾನೆ. ಅದೇ ಚೆಂದವಂತೆ.

ಮಡಗಾಂವಿಗೆ ಕದಂಬ ಬಸ್ಸು. ಕಂಕುಳಲ್ಲಿ ಇಪ್ಪತ್ತೆರಡು ಪಾದ.
ಕಾಯ್ತಾನ್ ಬಾಬನ ಅಂಗಡಿ, ಗೋಡೆ ತುಂಬ ಗಂಡಸರ ಬೂಟು.
"ಚೆಡ್ವಾಂಕ್?" ಹುಡುಗಿಯರಿಗೇ? ಎಂದು ಏಣಿ ಹತ್ತಿ
ಧೂಳು ಊದಿ ಒಂದು ಗುಲಾಬಿ ಡಬ್ಬಿ ಇಳಿಸಿದ.
ಚಿಟ್ಟೆ ಇತ್ತು, ಮಿಂಚು ಇತ್ತು,
ಅಡಿಗೆ ಹಲ್ಲೇ ಇರಲಿಲ್ಲ.
ಜುಲೈ ತಿಂಗಳ ಕೆಂಪು ಕೆಸರಲ್ಲಿ ಇದು ಹಾಕಿ ಓಡಿದರೆ
ಗೋಲಿಗೆ ಮೊದಲು ಮೊಣಕಾಲು.

ಗಂಡುಹುಡುಗರದ್ದು ತೆಗೆಸಿದೆ. ಒಳಗೆ ಕಾಗದದ ಪಾದ ಇಳಿಬಿಟ್ಟೆ:
ಮುಂದೆ ಸರಿ, ಹಿಮ್ಮಡಿಯಲ್ಲಿ ನನ್ನ ಹೆಬ್ಬೆರಳು ತೂರುವಷ್ಟು ಸಡಿಲ.
ಸಣ್ಣದು ತೆಗೆಸಿದೆ: ಹಿಮ್ಮಡಿ ಸರಿ, ಮುಂದೆ ಕಾಗದ ಮಡಚಿತು.
ಕಾಗದವಾದರೆ ಸದ್ದಿಲ್ಲದೆ ಮಡಚುತ್ತದೆ.
"ಬೆಳೆಯುವ ಮಕ್ಕಳು ಬಾಯಿ, ದೊಡ್ಡದೇ ಒಯ್ಯಿರಿ, ಹತ್ತಿ ತುರುಕಿ."
ಹತ್ತಿ ನಾನೂ ತುರುಕಿದ್ದೆ. ಜಿಲ್ಲಾ ಓಟದಲ್ಲಿ, ಮೂರನೇ ಸುತ್ತಿಗೆ
ಒದ್ದೆಯಾಗಿ ಉಂಡೆಗಟ್ಟಿ ಅದು ಕಲ್ಲಾಗಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು
ಬೂಟು ಇದ್ದಷ್ಟು ಮುದುಡು ಎಂದು ಎಲ್ಲಿ ಹೇಳಿದ್ದಾರೆ?

ಗಲ್ಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅವನ ಹೆಂಡತಿ ಇರ್ಮಿನಾ
ಎದ್ದು ಬಂದು, ಬೂಟನ್ನು ತೊಡೆಯ ಮೇಲಿಟ್ಟುಕೊಂಡು,
"ಈ ಕೊನೆಯ ತೂತು ಯಾಕಿದೆ ಅಂದುಕೊಂಡಿರಿ?" ಎಂದಳು.
ಎಲ್ಲರೂ ಖಾಲಿ ಬಿಡುವ ತೂತು ಅದು. ಎಲ್ಲ ಬೂಟಿಗೂ ಇರುವುದಿಲ್ಲ.
ದಾರವನ್ನು ಅದೇ ಬದಿಗೆ ಹಾಯಿಸಿ, ಒಂದು ಕುಣಿಕೆ ಬಿಟ್ಟು,
ಎದುರು ಬದಿಯ ದಾರ ಅದರೊಳಗೆ ತೂರಿಸಿ ಎಳೆದಳು:
ಹಿಮ್ಮಡಿಯನ್ನು ಯಾರೋ ಅಂಗೈಯಲ್ಲಿ ಹಿಡಿದ ಹಾಗೆ.
ಕಾನ್ವೆಂಟಿನಲ್ಲಿ ಹಾಕಿ ಆಡಿದವಳಂತೆ, ತಮ್ಮನ ಬೂಟಿನಲ್ಲಿ.
ಇಪ್ಪತ್ತಾರು ವರ್ಷ ಒಂದೇ ಗಲ್ಲೆಗೆ ಕೂತ ಕಾಯ್ತಾನನಿಗೆ
ಇದು ಅವತ್ತೇ ಗೊತ್ತಾದದ್ದು.

ಏಳು ಜೊತೆ ಸಿಕ್ಕವು. ನಾಲ್ಕು ಸಿಗಲೇ ಇಲ್ಲ,
ಅವರು ಹಳೆಯದರಲ್ಲೇ ಆಡಿದರು.
ಚಿಖಲಿಯ ಮೈದಾನದಲ್ಲಿ ಮೂರು–ಒಂದರಿಂದ ಸೋತೆವು,
ಬೂಟಿನ ನೆಪ ಈ ಸಲ ಏಳು ಜನಕ್ಕೆ ಇರಲಿಲ್ಲ.

ಮರುದಿನ ಇಂದಿರವ್ವ ಕಾಗದ ಹಾಸಿ, "ನಿಮ್ಮದು?" ಅಂದಳು.
"ಐದು" ಅಂದೆ. ಮೊದಲ ಬೂಟು ಅಣ್ಣ ತಂದದ್ದು ಐದು,
ಆಮೇಲೆ ಕೇಳಿದವರಿಗೆಲ್ಲ ಅದನ್ನೇ ಹೇಳುತ್ತ ಬಂದೆ.
"ನಿಲ್ರಿ, ಅಲ್ಲಾಡಬ್ಯಾಡ್ರಿ" ಅಂದಳು, ಥೇಟ್ ನನ್ನ ದನಿಯಲ್ಲಿ.
ಪೆನ್ಸಿಲ್ ಕಿರುಬೆರಳ ಆಣಿಯನ್ನು ಬಳಸಿ
ಪಾದದ ಕಮಾನಿನೊಳಗೆ ನುಗ್ಗಿದಾಗ
ಸೀಟಿ ಕಚ್ಚಿಕೊಂಡೇ ನಕ್ಕುಬಿಟ್ಟೆ, ಸೀಟಿಯೂ ಊದಿಕೊಂಡಿತು.
ಸ್ಕೇಲಿಟ್ಟು, ಇರ್ಮಿನಾ ಬರೆದುಕೊಟ್ಟ ಚೀಟಿ ನೋಡಿ,
ಎರಡು ಸಲ ಎಣಿಸಿ, ಹತ್ತಿರ ಬಂದು
ಯಾರಿಗೂ ಕೇಳಿಸದ ಹಾಗೆ ಹೇಳಿದಳು:
ಆರೂವರೆ.