ಹೊಲಿಗೆ ಎಡವಿದ ಹೋತ

ಪರದೆಯೆಂದರೆ ಪರದೆಯಲ್ಲ, ತದಡಿಯ ಜಟ್ಟಪ್ಪನ
ಹಳೆಯ ಮಚವೆಯ ಹಾಯಿ.
ಮೂರು ಮಳೆಗಾಲ ತಿಂದದ್ದು, ಮೂರು ಕಡೆ ಹರಿದದ್ದು,
ನಡುವೆ ಒಂದು ಅಡ್ಡ ಹೊಲಿಗೆ. ದಪ್ಪ ದಾರ, ನಡುಗುವ ಕೈ.
ಸಾಣಿಕಟ್ಟಾದ ಉಪ್ಪಿನಾಗರದ ಬದಿಗೆ
ಎರಡು ಗಳ ನೆಟ್ಟು ಬಿಗಿದಿದ್ದ ಅದನ್ನು
ಕೋಡಿಬಾಗಿನಿಂದ ಯಂತ್ರ ಹೊತ್ತು ತಂದ ದುಮಿಂಗ.

ದೊಡ್ಡ ಚಿತ್ರಕ್ಕೆ ಮೊದಲು ಸಣ್ಣದೊಂದು, ಏಳು ನಿಮಿಷದ್ದು.
ಬಣ್ಣವಿಲ್ಲ, ಮಾತಿಲ್ಲ.
ಬಿಳಿಯ ಮೇಲೆ ಮಸಿಯ ಹೋತ,
ರಬ್ಬರಿನ ಕಾಲು, ಅಂಗಿಯ ಗುಂಡಿಯಂಥ ಕಣ್ಣು.
ತನ್ನ ಗಡ್ಡ ತಾನೇ ಕಿತ್ತು ಕುಂಚ ಮಾಡಿಕೊಂಡು
ಗೋಡೆಯ ಮೇಲೊಂದು ಬಾಗಿಲು ಬರೆಯುತ್ತಿತ್ತು,
ಬರೆದ ಬಾಗಿಲು ತೆರೆದು ಒಳಗೆ ಹೋಗುತ್ತಿತ್ತು.
ಬೆನ್ನಟ್ಟಿ ಬಂದ ಕಾವಲುಗಾರನಿಗೆ
ಅದೇ ಬಾಗಿಲು ಬರೀ ಗೋಡೆ.
ಢಬ್.

ನಮ್ಮ ಆಗರದ ಕಾವಲಿನವನಿಗೂ
ಅಂಥದೇ ಹೊಟ್ಟೆ, ಅಂಥದೇ ಮೀಸೆ.
ಹಿಂದೆ ಬೆಂಚಿನ ಮೇಲೆ ಕೂತಿದ್ದ.
ಎಲ್ಲರಿಗಿಂತ ಮೊದಲು ನಕ್ಕವನು ಅವನೇ,
ಎಲ್ಲರಿಗಿಂತ ಮೊದಲು ನಿಲ್ಲಿಸಿದವನೂ.

ಆಮೇಲೆ ಆ ಹೊಲಿಗೆ.
ಓಡಿ ಬಂದ ಹೋತ ಸರಿಯಾಗಿ ಆ ದಾರದ ಹತ್ತಿರ
ಕಾಲು ಮೇಲಾಗಿ ಬಿತ್ತು.
ಬರೆದವನು, ಯಾವ ದೇಶದವನೋ,
ಅಲ್ಲೊಂದು ಕಲ್ಲು ಇಟ್ಟಿದ್ದನೋ, ಬಾಳೆಸಿಪ್ಪೆಯೋ,
ಸವೆದ ರೀಲಿನಲ್ಲಿ ಅದು ಅಳಿಸಿತ್ತು.
ನಮಗೆ ಕಂಡದ್ದು ಇಷ್ಟೇ:
ಜಟ್ಟಪ್ಪನ ಹೊಲಿಗೆ ಎಡವಿತು ಹೋತ.
"ಎಂತಾ ಹೊಲ್ದ್ಯೋ ಮಾರಾಯ, ಪಾಪದ ಪ್ರಾಣಿ!"
ಬೊಮ್ಮಿ ಕೂಗಿದಳು, ಆಗರದ ಆಚೆ ದಂಡೆಗೂ ಕೇಳುವ ಹಾಗೆ.
ಜಟ್ಟಪ್ಪ ಎದ್ದು ನಿಂತ.
ಕೈಮುಗಿದ. ನಮಗಲ್ಲ, ಹೋತಕ್ಕೆ.

ಗಾಳಿ ಎದ್ದರೆ ಹಾಯಿ ಉಬ್ಬುವುದು, ಗಡ್ಡದ ಹೋತ ಬಸುರಿಯಾಗುವುದು.
ಗಾಳಿ ಬಿದ್ದರೆ ಸೊರಗಿ ಕಡ್ಡಿ.
ಬರೆದವನು ಬರೆಯದ ನಗೆ ಅದು,
ಅದಕ್ಕೆ ಬೇರೆ ಟಿಕೆಟ್ಟಿಲ್ಲ.

ಕೊನೆಯಲ್ಲಿ ಒಂದು ಗುಡ್ಡದ ತುದಿ.
ಹೋತ ತುದಿ ದಾಟಿ ಬರಿಯ ಗಾಳಿಯ ಮೇಲೆ ನಡೆಯುತ್ತದೆ,
ಬೀಳುವುದಿಲ್ಲ. ಕೆಳಗೆ ನೋಡಿಲ್ಲವಲ್ಲ!
ನಿಲ್ಲುತ್ತದೆ. ಗಡ್ಡ ತುರಿಸಿಕೊಳ್ಳುತ್ತದೆ.
ಇನ್ನೇನು ಕತ್ತು ಬಗ್ಗಿಸಬೇಕು,
ರೀಲು ಅಲ್ಲಿಗೇ ಮುಗಿಯುತ್ತಿತ್ತು.
ಉಳಿದ ತುಂಡು ಎಲ್ಲೋ ಸುಟ್ಟುಹೋಯಿತಂತೆ, ದುಮಿಂಗನ ಕೈಗೆ ಬರುವ ಮೊದಲೇ.

"ಬಿದ್ದೇ ಬಿತ್ತು" ಅಂದ ಕಾವಲಿನವ.
"ಹಾರಿತು" ಅಂದವು ಮಕ್ಕಳು.
"ಅಲ್ಲೇ ಇದೆ" ಅಂದಳು ಬೊಮ್ಮಿ, ಎಲೆಗೆ ಸುಣ್ಣ ಸವರುತ್ತ,
"ಕೆಳಗೆ ನೋಡು ಅಂತ ಯಾರೂ ಹೇಳಬೇಡಿ ಅದಕ್ಕೆ."

ಹಾಯಿ ತನ್ನ ಕಸುಬು ಮರೆತಿರಲಿಲ್ಲ.
ಒಂದು ರಾತ್ರಿ ಗಳ ಕಿತ್ತುಕೊಂಡು
ಹೊರಟೇಬಿಟ್ಟಿತು ಅಘನಾಶಿನಿಯ ಕಡೆಗೆ.
ಯಂತ್ರ ಬಿಟ್ಟು ಹಗ್ಗದ ಹಿಂದೆ ದುಮಿಂಗ,
ದುಮಿಂಗನ ಹಿಂದೆ ಜಟ್ಟಪ್ಪ,
ಜಟ್ಟಪ್ಪನ ಹಿಂದೆ, ಸುಮ್ಮನೆ, ಎರಡು ನಾಯಿ.
ಹೋತ ಮಾತ್ರ ಹಾಯಿಯ ಜೊತೆ ಹೋಗಲಿಲ್ಲ.
ಹಿಂದಿದ್ದ ಉಪ್ಪಿನ ರಾಶಿಯ ಮೇಲೆ ಬಿದ್ದು
ಅದೇ ಹೆಜ್ಜೆಯಲ್ಲಿ ಓಡುತ್ತಲೇ ಇತ್ತು,
ಸೊಟ್ಟಗೆ, ಉದ್ದಕ್ಕೆ,
ಉಪ್ಪಿನ ಹರಳು ಹರಳಿಗೂ ಮಸಿ ಮೆತ್ತಿಕೊಂಡ ಹಾಗೆ.
ಗುಡ್ಡದ ತುದಿ ಬಂತು. ದಾಟಿತು.
ನಿಂತಿತು. ಗಡ್ಡ ತುರಿಸಿಕೊಂಡಿತು.
ಅದೊಂದು ರಾತ್ರಿ
ಅದರ ಕಾಲಡಿಯಲ್ಲಿ ಉಪ್ಪು ಇತ್ತು.
ಯಾರೂ ನಗಲಿಲ್ಲ.

ಬೆಳಿಗ್ಗೆ ಬುಟ್ಟಿ ಹಿಡಿದು ಬಂದ ಬೊಮ್ಮಿ
ಕೆಲಸಕ್ಕೆ ಮೊದಲು ರಾಶಿಯ ಸುತ್ತ ಬಗ್ಗಿ ನೋಡುತ್ತ ಹೊರಟಳು,
ಗೊರಸಿನ ಗುರುತೇನಾದರೂ ಇದೆಯೋ ಎಂದು.
ಆ ಕಡೆಯಿಂದ ಕಾವಲಿನವನೂ
ಲಾಟೀನು ಆರಿಸುವುದನ್ನು ಮರೆತು, ಬಗ್ಗಿ, ನೆಲ ನೋಡುತ್ತ
ಸುತ್ತಿಕೊಂಡು ಬರುತ್ತಿದ್ದ.

ಢಬ್.