ನಡುನೀರಿನ ಗುರುವಾರ

ಮೂವತ್ನಾಲ್ಕು ವರ್ಷ ಹಡಗು ಹತ್ತಿದ್ದೇನೆ,
ಒಂದರಲ್ಲೂ ಪ್ರಯಾಣ ಮಾಡಿದ್ದಿಲ್ಲ.
ಕೇಳಿದವರಿಗೆ ತಮಾಷೆ. ನನ್ನ ಕಸುಬೇ ಹಾಗೆ:
ಪ್ಲಾಟಾ ನದಿಯ ಬಾಯಲ್ಲಿ ದೋಣಿಯಿಂದ ಹಗ್ಗದ ಏಣಿ ಹಿಡಿದು
ಪರದೇಶದ ಹಡಗಿಗೆ ಏರುವುದು,
ಕೆಸರುಗಾಲುವೆಯಲ್ಲಿ ಅದನ್ನು ಹಸುವಿನ ಹಾಗೆ ನಡೆಸಿ ತಂದು
ಮೊಂಟೆವಿಡಿಯೊದ ಗೂಟಕ್ಕೆ ಕಟ್ಟುವುದು,
ಇಳಿದು ಮನೆಗೆ ಬಂದು ಸೂಪು ಕುಡಿಯುವುದು.
ಹೊರಗೆ ಹೋಗುವವನ್ನೂ ಅಷ್ಟೇ,
ನೀರು ನೀಲಿಯಾಗುವ ಮೊದಲೇ ಕೈಕುಲುಕಿ ಇಳಿದುಬಿಡುತ್ತಿದ್ದೆ,
ಮದುವೆಮನೆಯ ಬಾಗಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕಳಿಸಿ
ತಾನು ಊಟಕ್ಕೆ ಕೂರದವನ ಹಾಗೆ.

ಈ ಟಿಕೆಟ್ಟು ನಿಲ್ಡಾ ಕೊಂಡದ್ದು.
ಕಾರ್ನಿವಲ್ ಕುಣಿತದವರ ಅಂಗಿಗೆ ಮಿಣುಕು ಹೊಲಿದು ಹೊಲಿದು
ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಟ್ಟ ದುಡ್ಡು.
"ಕೇಪ್‌ಟೌನಿಗೆ," ಅಂದಳು. "ಅಲ್ಲೇನಿದೆ?" ಅಂದೆ.
"ಅಲ್ಲಿ ಏನಿದ್ದರೆ ನನಗೇನು,
ನಡುವೆ ಒಂಬತ್ತು ದಿನ ಏನೂ ಇಲ್ಲ."

ಆ ಏನೂ ಇಲ್ಲದವುಗಳಲ್ಲಿ ಇವತ್ತು ನಾಲ್ಕನೆಯದು.
ಗುರುವಾರವಂತೆ; ಲಿಫ್ಟಿನ ನೆಲಹಾಸಿನ ಮೇಲೆ ಬರೆದಿದೆ.
ದಿನಾ ರಾತ್ರಿ ಯಾರೋ ಬದಲಿಸುತ್ತಾರೆ,
ಅವರೇ ಇರಬೇಕು, ಕೆಲವು ರಾತ್ರಿ ಗಡಿಯಾರದಿಂದ
ಒಂದು ಗಂಟೆಯನ್ನೂ ಎತ್ತಿಕೊಂಡು ಹೋಗುವವರು.

ಬೆಳಿಗ್ಗೆ ಡೆಕ್ಕಿನ ಆರಾಮಕುರ್ಚಿ. ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು,
ಸೋರೆಬುರುಡೆಯಲ್ಲಿ ಕಹಿ ಮಾಟೆ, ಒಬ್ಬರು ಹೀರಿ ಇನ್ನೊಬ್ಬರಿಗೆ.
ಪಕ್ಕದಲ್ಲಿ ರಿವೇರಾ ಊರಿನ ಮುದುಕಿ ಸುಲ್ಮಾ
ಯಾರಿಗೂ ಅಲ್ಲದ ಕಾಲುಚೀಲ ಹೆಣೆಯುತ್ತಾಳೆ,
ಅಳತೆ ಕೇಳಿದರೆ ಸಮುದ್ರ ತೋರಿಸುತ್ತಾಳೆ.

ನನಗೆ ಮಾತ್ರ ಕೂತಲ್ಲಿ ಕೂರಲಾಗದು.
ಅಂಗಾಲು ಎಂಜಿನ್ನಿನ ಲೆಕ್ಕ ಹಾಕುತ್ತದೆ.
ಕಣ್ಣು ಬಲಕ್ಕೊಂದು ಕೆಂಪು, ಎಡಕ್ಕೊಂದು ಹಸಿರು
ತೇಲುಬುರುಡೆ ಹುಡುಕುತ್ತದೆ.
ಏನಿಲ್ಲ. ಬಟ್ಟಲಿನಂಥ ನೀರು, ನಾವು ಅದರ ನಡುವೆ,
ಎಷ್ಟು ಹೋದರೂ ನಡುವೆಯೇ.

ಹನ್ನೆರಡಕ್ಕೆ ಕ್ಯಾಪ್ಟನ್ನನ ಧ್ವನಿ, ಗೋಡೆಯೊಳಗಿಂದ:
ಗಾಳಿ ಇಷ್ಟು, ವೇಗ ಇಷ್ಟು,
ಕೆಳಗೆ ಆಳ ನಾಲ್ಕು ಸಾವಿರದ ಎಂಟುನೂರು ಮೀಟರ್.
ಯಾರೂ ತಲೆ ಎತ್ತಲಿಲ್ಲ; ಐಸ್‌ಕ್ರೀಮಿನ ಸಾಲು ಕದಲಲಿಲ್ಲ.
ನನಗೆ ನಗು ಬಂತು. ತಡೆಯಲಾಗದ ನಗು.
ಅಲ್ಲ ಕಣೇ ನಿಲ್ಡಾ, ಒಂದು ಮೊಳ ನೀರಿಗಾಗಿ
ಮೂವತ್ನಾಲ್ಕು ವರ್ಷ ಎದೆ ಹಿಡಿದುಕೊಂಡೆನಲ್ಲ,
ಒಂದೊಂದು ರಾತ್ರಿ ಹಡಗಿನ ಹೊಟ್ಟೆ ಕೆಸರು ಉಜ್ಜುವುದು
ನನ್ನ ಹಲ್ಲಿಗೇ ಕೇಳಿಸುತ್ತಿತ್ತಲ್ಲ!
"ಸೂಜಿ ಪೋಣಿಸುವಾಗ ನಾನೂ ಉಸಿರು ಹಿಡಿಯುತ್ತೇನೆ," ಅಂದಳು,
"ಆಮೇಲೆ ಬಿಡುತ್ತೇನೆ."

ಅದಾದ ಮೇಲೆ ಏನಾಯಿತೋ ಗೊತ್ತಿಲ್ಲ.
ಹಡಗಿನ ಮೇಲೆ ಹಗಲು ನಿದ್ದೆ, ಅದೂ ಗೊರಕೆ ಸಮೇತ,
ಅದೇ ಮೊದಲು.
ಎದ್ದಾಗ ಮಾಟೆ ತಣ್ಣಗೆ, ಬಲಗಾಲು ಸುಟ್ಟು ಕೆಂಪಗೆ,
ನೆರಳು ಅದೊಂದನ್ನು ಬಿಟ್ಟು ಸರಿದುಹೋಗಿತ್ತು.

ನಾಲ್ಕರ ಹೊತ್ತಿಗೆ ಯಾರೋ "ಹಡಗು!" ಅಂದರು.
ಮೂರು ದಿನ ಬರೀ ನೀರು ನೋಡಿದವರು ಕಟಾಂಜನಕ್ಕೆ ಓಡಿದರು,
ಅಡುಗೆಯವರು ಬಿಳಿ ಟೋಪಿಯಲ್ಲೇ ಬಂದರು,
ಕೋಣೆ ಗುಡಿಸುವ ಫಿಲಿಪೀನ್ಸಿನ ರೊಡೇಲಿಯೊ
ಟವೆಲ್ಲಿನಲ್ಲಿ ಅರ್ಧ ಮಡಚಿದ ಆನೆ ಹಿಡಿದುಕೊಂಡೇ ಬಂದ.
ದೂರದಲ್ಲಿ, ತುಕ್ಕುಗೆಂಪು, ಕಂಟೇನರ್ ಹೊತ್ತದ್ದು,
ಹೊಗೆಗೂಡಿಗೆ ಎರಡು ಹಳದಿ ಪಟ್ಟಿ.
"ಇದು ನನಗೆ ಗೊತ್ತು," ಅಂದೆ. "ಒಂದು ಆಗಸ್ಟಿನ ಬಿರುಗಾಳಿಯಲ್ಲಿ
ಇದನ್ನು ಒಳಗೆ ತಂದವನು ನಾನು.
ಏಣಿಯ ಮೂರನೇ ಮೆಟ್ಟಿಲು ಮುರಿದಿತ್ತು.
ಕ್ಯಾಪ್ಟನ್ ಒಂದು ಕೊಡೆ ಕೊಟ್ಟ."
ಯಾರೂ ನಂಬಲಿಲ್ಲ. ರೊಡೇಲಿಯೊ ಮರ್ಯಾದೆಗೆ ತಲೆ ಆಡಿಸಿದ.
ನಿಲ್ಡಾ ಕಣ್ಣು ಕಿರಿದು ಮಾಡಿ ನೋಡಿದಳು:
"ಕೊಡೆ ಇನ್ನೂ ಮನೆಯಲ್ಲಿದೆ. ಕಡ್ಡಿ ಒಂದು ಹೋಗಿದೆ."

ಹೋಯಿತು ಅದು, ಯಾರ ಕೈಯೂ ಹಿಡಿಯದೆ,
ತನ್ನ ದಾರಿ ತಾನೇ ನೋಡಿಕೊಂಡು.
ಇಷ್ಟು ದೊಡ್ಡ ನಡುವನ್ನು ಒಂದೊಂದೇ ದಾಟಿ
ಇವೆಲ್ಲ ನನ್ನ ಹತ್ತಿರ ಬರುತ್ತಿದ್ದವು;
ನಾನೋ, ಕೊನೆಯ ನಾಲ್ಕು ತಾಸಿನವನು,
ಇವಕ್ಕೆ ದಾರಿ ಗೊತ್ತಿಲ್ಲ ಅಂದುಕೊಂಡಿದ್ದೆ.

ರಾತ್ರಿ ಮತ್ತೆ ಒಂದು ಗಂಟೆ ಕಳಚುತ್ತಾರಂತೆ. ಕಳಚಲಿ.
ಮಂಚದ ಮೇಲೆ ಟವೆಲ್ಲಿನ ಆನೆ ಕೂತಿದೆ,
ಒಂದು ಕಿವಿ ಇಲ್ಲ; ಆ ಗಡಿಬಿಡಿಯಲ್ಲಿ ಮರೆತಿರಬೇಕು.
ನಿಲ್ಡಾ ಅದನ್ನು ಬಿಚ್ಚುವುದು ಬೇಡ ಅನ್ನುತ್ತಾಳೆ.
ಹಾಗಾಗಿ ಇಬ್ಬರೂ ಒಂದೇ ಪಕ್ಕಕ್ಕೆ ಸರಿದು
ಮಲಗಿದ್ದೇವೆ.